ಥೇಟ್ ನನ್ನ ಮಗನೇ

ಫೆಬ್ರವರಿ 3

ಮಗನೇ,

ನಾನಿಲ್ಲಿ ಕ್ಷೇಮ ಅಂತ ಶುರು ಮಾಡಿದರೆ ಸುಳ್ಳಾಗುತ್ತೆ. ನೀನಲ್ಲಿ ಕ್ಷೇಮವಾ ಅಂತ ಕೇಳಿದರೆ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತೆ. ಅದಕ್ಕೇ ನೇರ ವಿಷಯಕ್ಕೆ ಬರ್ತೀನಿ. ಮೊನ್ನೆ ಜೈಲಿನ ಭೇಟಿ ಕೋಣೆಯ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದೆ. ಕೊನೆಗೆ ಪೇದೆ ಬಂದು, "ನಿಮ್ಮ ಮಗ ಬರಲ್ಲಂತೆ ಅಮ್ಮ" ಅಂದ. ಬರಲ್ಲಂತೆ! ಹೆತ್ತ ತಾಯಿ ಬಂದು ಕೂತಿದ್ದಾಳೆ, ದೊರೆಗಳು ಬರಲ್ಲಂತೆ. ಅಲ್ಲಿ ಫೋನ್ ಕೊಡಲ್ಲ, ನೀನು ಮುಖ ತೋರಿಸಲ್ಲ, ಉಳಿದದ್ದು ಕಾಗದ ಒಂದೇ. ಓದದೆ ಹರಿದು ಹಾಕೋದಾದರೆ ಹಾಕು, ನಾನು ಇನ್ನೊಂದು ಬರೀತೀನಿ. ಮೊಂಡತನ ನಿನಗೆ ಯಾರಿಂದ ಬಂತು ಅಂತ ಗೊತ್ತಲ್ಲ.

ಆವತ್ತು ಏನಾಯ್ತು ಅಂತ ನನ್ನ ಬಾಯಿಂದಲೇ ಕೇಳು. ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸ್ತಾ ಇದ್ದೆ. ಆ ಇನ್ಸ್‌ಪೆಕ್ಟರ್ ಬಂದ. ಯೂನಿಫಾರ್ಮ್ ಇರಲಿಲ್ಲ, ತೋಳು ಮಡಿಸಿದ ಬಿಳಿ ಅಂಗಿ. "ನಿಮ್ಮ ಮಗನ ವಿಷಯ ಸ್ವಲ್ಪ ಮಾತಾಡಬೇಕಿತ್ತು" ಅಂದ. ಎಲ್ಲಿ ಬಿದ್ಯೋ ಏನು ಮುರ್ಕೊಂಡ್ಯೋ ಅಂತ ಹೆದರಿದೆ. "ಗಾಬರಿ ಬೇಡ, ಇದನ್ನ ನೋಡಿ" ಅಂತ ಒಂದು ಫೋಟೋ ಕೊಟ್ಟ. ಎಲ್ಲೋ ಎತ್ತರದಿಂದ ತೆಗೆದದ್ದು, ಮಸುಕು ಮಸುಕು. ಟೋಪಿ ಹಾಕಿದ ಒಬ್ಬ, ಅರ್ಧ ಮುಖ ಟೋಪಿಯ ನೆರಳಲ್ಲಿ. ಕೈಕಾಲು ನೆಟ್ಟಗಿದೆಯಲ್ಲ ಅನ್ನೋ ಸಮಾಧಾನಕ್ಕೆ ನಕ್ಕುಬಿಟ್ಟು, "ಅಯ್ಯೋ, ಥೇಟ್ ನನ್ನ ಮಗನೇ!" ಅಂದೆ. ಅವನು ಬರ್ಕೊಂಡ. ಸಹಿ ಹಾಕಿ ಅಂದ, ಹಾಕಿದೆ.

ಔಷಧಿ ಗೋಡೌನಿನ ಕಾವಲುಗಾರನ ತಲೆ ಒಡೆದು ಓಡಿದವನ ಫೋಟೋ ಅದು ಅಂತ ಗೊತ್ತಾಗಿದ್ದು ಸಾಯಂಕಾಲ ನಿನ್ನನ್ನ ಎಳ್ಕೊಂಡು ಹೋದ ಮೇಲೆ. ಆ ಪಾಪದ ಮುದುಕನಿಗೆ ಎಚ್ಚರ ಬಂದಿದೆಯಂತೆ, ಆದರೆ ಹೊಡೆದವನ ಮುಖ ನೋಡಲಿಲ್ಲ ಅಂತಾನಂತೆ. ಹಾಗಾಗಿ ನಿನ್ನ ಮೇಲೆ ಇರೋದು ಎರಡೇ ಸಾಕ್ಷಿ. ಒಂದು, ಫೋಟೋ ನೋಡಿ ನಿನ್ನ ಹೆಸರು ಹೇಳಿದ ಕಂಪ್ಯೂಟರ್. ಇನ್ನೊಂದು, ನಾನು. ಪೊಲೀಸರ ಕಾಗದದಲ್ಲಿ ಹೀಗಿದೆ: "ಫೋಟೋದಲ್ಲಿರುವವನು ನನ್ನ ಮಗನೇ." ಥೇಟ್ ಅನ್ನೋ ಮಾತನ್ನೇ ನುಂಗಿಬಿಟ್ಟಿದ್ದಾನೆ!

ನೀನು ಹುಟ್ಟಿದಾಗ ಆಸ್ಪತ್ರೆಯಲ್ಲಿ ನೋಡಿದವರೆಲ್ಲ "ಥೇಟ್ ಅಪ್ಪನೇ" ಅಂದರು. ಹಾಗಂತ ನೀನು ನಿಮ್ಮಪ್ಪ ಆಗ್ಬಿಟ್ಯಾ? ಥೇಟ್ ಅಂದರೆ ಹಾಗೇ ಇದ್ದಾನೆ ಅಂತ ಅರ್ಥ, ಅವನೇ ಅಂತಲ್ಲ. ಇದು ಹಾಲು ಕುಡಿಯೋ ಮಗುವಿಗೂ ಗೊತ್ತು. ಇನ್ಸ್‌ಪೆಕ್ಟರಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ ಅಂತ ಕಾಣುತ್ತೆ.

ಬರೆ.

ನಿನ್ನ ಅಮ್ಮ

ಫೆಬ್ರವರಿ 17

ಮಗನೇ,

ಗೋಡೆ ಜೊತೆ ಮಾತಾಡಿದ ಹಾಗಾಯ್ತು. ಗೋಡೆಯಾದರೂ ಎದುರಿಗೆ ನಿಂತಿರುತ್ತೆ.

ನಿನ್ನ ಕೇಸು ನೋಡ್ತಿರೋ ಲಾಯರಮ್ಮ ಸಿಕ್ಕಿದ್ದರು. ಚಿಕ್ಕ ವಯಸ್ಸು, ಆದರೆ ಚುರುಕು. ಜಾಮೀನು ಸಿಗಲಿಲ್ಲ ಅಂತ ಹೇಳೋಕೆ ಅವರಿಗೇ ಸಂಕಟವಾಗ್ತಿತ್ತು. ತಾಯಿಯೇ ಗುರುತು ಹಿಡಿದ ಮೇಲೆ ಇನ್ನೇನು ಅಂದರಂತೆ ಜಡ್ಜ್ ಸಾಹೇಬರು. ಶಿಕ್ಷೆ ಆದರೆ ಏಳೆಂಟು ವರ್ಷ ಅಂತೆ. ಅದನ್ನ ಕೇಳಿದಾಗಿಂದ ಗಂಟಲಲ್ಲಿ ಅನ್ನ ಇಳೀತಾ ಇಲ್ಲ. ಬೈಬೇಕು ಅನ್ನಿಸಿದರೆ ಬೈದು ಬರೆ. ಬೈಗುಳವಾದರೂ ಸರಿ, ನಿನ್ನ ಕೈಬರಹ ನೋಡಿದರೆ ಸಾಕು ಅನ್ನಿಸಿಬಿಟ್ಟಿದೆ. ಅಂಚೆ ಚೀಟಿ ಹಚ್ಚಿದ ಕವರ್ ಒಳಗಿಟ್ಟಿದ್ದೀನಿ.

ಅಮ್ಮ

ಫೆಬ್ರವರಿ 26

ಅಮ್ಮ,

ಥೇಟ್ ಅಂದರೇನು ಅಂತ ನನಗೆ ಗೊತ್ತು. ನಾನು ಭೇಟಿಗೆ ಬರದೇ ಇದ್ದದ್ದು ಅದಕ್ಕಲ್ಲ. ಒಂದೇ ಮಾತು ಕೇಳ್ತೀನಿ. ಆ ಫೋಟೋ ನೋಡಿದಾಗ, ಬಾಯಿಂದ ಏನು ಬಂತೋ ಬಿಡು, ಮನಸ್ಸಲ್ಲಿ ಅದು ನಾನೇ ಅಂದುಕೊಂಡೆಯಾ ಇಲ್ಲವಾ?

ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಪಾಠ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ. "ಇಡೀ ದಿನ ಪರದೆ ಮುಂದೆ ಕೂತು ಏನು ಕಡಿದು ಗುಡ್ಡೆ ಹಾಕ್ತೀಯ" ಅಂತ ಕೇಳ್ತಿದ್ದೆಯಲ್ಲ, ಚೌಕ ಹಾಕ್ತಿದ್ದೆ. ಬೀದಿಯ ಫೋಟೋಗಳು ಬರೋವು. ಮನುಷ್ಯನ ಸುತ್ತ ಒಂದು ಚೌಕ, ಮುಖದ ಸುತ್ತ ಒಂದು ಚೌಕ, ಕಣ್ಣು ಮೂಗು ಬಾಯಿಯ ಮೇಲೆ ಚುಕ್ಕೆ. ಇದು ಮುಖ, ಇದು ಕಂಬ, ಇದು ನಾಯಿ. ಲಕ್ಷಗಟ್ಟಲೆ ಹಾಗೆ ತೋರಿಸಿದರೆ ಅದಕ್ಕೆ ಮುಖ ಅಂದರೇನು ಅನ್ನೋ ಅಂದಾಜು ಸಿಗುತ್ತೆ.

ಅದು ನಮ್ಮ ಹಾಗೆ ನೋಡಲ್ಲ ಅಮ್ಮ. ಫೋಟೋ ಅಂದರೆ ಅದಕ್ಕೆ ಪುಟ್ಟ ಪುಟ್ಟ ಚೌಕಗಳು, ಒಂದೊಂದು ಚೌಕಕ್ಕೆ ಎಷ್ಟು ಬೆಳಕು ಅನ್ನೋ ಅಂಕಿ. ಅಷ್ಟೇ. ಬೆಳಕಿನ ಅಂಕಿ ತಟಕ್ಕನೆ ಇಳಿದರೆ ಅಲ್ಲಿ ಅಂಚು ಇದೆ ಅಂತ ಲೆಕ್ಕ. ಅಂಚುಗಳು ಸೇರಿ ಗೆರೆ, ಗೆರೆಗಳು ಸೇರಿ ಹುಬ್ಬು, ದವಡೆ. ಕೊನೆಗೆ ಒಂದು ಮುಖವನ್ನ ಅಂಕಿಗಳ ಒಂದು ಸಾಲು ಮಾಡಿ ಇಟ್ಟುಕೊಳ್ಳುತ್ತೆ. ಹೊಸ ಮುಖ ಬಂದರೆ ಅದನ್ನೂ ಸಾಲು ಮಾಡಿ, ತನ್ನ ಹತ್ತಿರ ಇರೋ ಸಾಲುಗಳಲ್ಲಿ ಯಾವುದು ಇದಕ್ಕೆ ಹತ್ತಿರ ಅಂತ ನೋಡುತ್ತೆ. ಅಮ್ಮನ ಮುಖ, ಕಳ್ಳನ ಮುಖ ಅನ್ನೋ ಭೇದ ಅದಕ್ಕಿಲ್ಲ.

ಮಾದರಿಗೆ ಬೇಕು ಅಂತ ಕಂಪನಿಯವರು ನಮ್ಮೆಲ್ಲರ ಮುಖವನ್ನೂ ಅದರೊಳಗೆ ಹಾಕಿದ್ದರು. ಆ ಟೋಪಿಯವನ ಮುಖ ಬೆರಳ ಉಗುರಿನಷ್ಟಿತ್ತು, ಅದರಲ್ಲೂ ಅರ್ಧ ಕತ್ತಲು. ಇಷ್ಟರಲ್ಲಿ ಗೊತ್ತಾಗಲ್ಲ ಅಂತ ಹೇಳೋಕೆ ಅದಕ್ಕೆ ಬರುತ್ತೆ. ಆದರೆ ಹಾಗೆ ಹೇಳೋ ಯಂತ್ರವನ್ನ ಯಾರೂ ಕೊಳ್ಳಲ್ಲ ಅಂತ ಅದನ್ನ ಮುಚ್ಚಿಟ್ಟಿದ್ದಾರೆ. ಇರೋರಲ್ಲಿ ಹತ್ತಿರದವರನ್ನ ಹೇಳು ಅಂದರು ಪೊಲೀಸರು, ನನ್ನ ಹೆಸರು ಹೇಳಿತು.

ಅದಕ್ಕೆ ಗೊತ್ತಿರಲಿಲ್ಲ, ಹೇಳಿತು. ನಿನಗೆ?

ಮಗ

ಮಾರ್ಚ್ 8

ನನ್ನಪ್ಪಾ,

ಕಾಗದ ಬಂದ ದಿನ ಹೊಟ್ಟೆ ತುಂಬ ಉಂಡೆ. ಒಳಗೆ ಏನೇ ಇರಲಿ, ಬಂತಲ್ಲ.

ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ಹೌದು. ಆ ಕ್ಷಣಕ್ಕೆ ಅದು ನೀನೇ ಅಂದುಕೊಂಡೆ. ಟೋಪಿ ನೋಡಿ ಅಲ್ಲ, ನಿಂತ ಭಂಗಿ ನೋಡಿ ಅಲ್ಲ, ನಿನ್ನ ಮುಖವೇ ಕಾಣಿಸಿತು. ಕಣ್ಣು ಸಮೇತ ಕಾಣಿಸಿತು. ಆಮೇಲೆ ಲಾಯರಮ್ಮನ ಹತ್ತಿರ ಅದೇ ಫೋಟೋ ಇಸ್ಕೊಂಡು ನೋಡ್ತೀನಿ, ಕಣ್ಣಿರೋ ಜಾಗದಲ್ಲಿ ಬರೀ ಕಪ್ಪು! ನಾನು ನೋಡಿದ ಕಣ್ಣು ಎಲ್ಲಿಂದ ಬಂತು? ಕುಂಬಳಕಾಯಿ ಕಳ್ಳ ಅಂದರೆ ನನ್ನ ಮಗ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ, ಅದು ನನಗೆ ಗೊತ್ತು. ಆದರೂ ನೋಡಿದ್ದು ನೋಡಿದೆ. ಅದಕ್ಕೇ ನಿದ್ದೆ ಬರ್ತಾ ಇಲ್ಲ.

ನನ್ನ ಕಣ್ಣು ಅಂಥ ಕಣ್ಣಲ್ಲ ಕಣೋ. ಲಾಂಡ್ರಿಯಲ್ಲಿ ಚೀಟಿ ಬಿದ್ದುಹೋದ ಅಂಗಿ ಬಂದರೆ ಯಜಮಾನರು ನನ್ನನ್ನೇ ಕರೆಯೋದು. ಕಾಲರ್ ಸವೆದ ರೀತಿ ನೋಡಿ ಇಂಥವರದು ಅಂತೀನಿ. ಅಂಗಿಯ ಗುರುತು ಸಿಗೋಳಿಗೆ ಹೊಟ್ಟೆಯಲ್ಲಿ ಹುಟ್ಟಿದವನ ಗುರುತು ಸಿಗಲ್ವಾ? ನಿನ್ನ ಯಂತ್ರ ಬೇಕಾದರೆ ಅಂಕಿ ಎಣಿಸಲಿ. ಸಾವಿರ ಜನರ ಮಧ್ಯೆ ನಿಲ್ಲಿಸು, ನಿನ್ನನ್ನ ಕೈ ಹಿಡಿದು ಎಳ್ಕೊಂಡು ಬರ್ತೀನಿ.

ಚಳಿಗೆ ಸ್ವೆಟರ್ ಕಳಿಸಿದ್ದೆ. ಒಳಗೆ ಬಿಟ್ಟರಾ?

ಅಮ್ಮ

ಮಾರ್ಚ್ 19

ಅಮ್ಮ,

ಸ್ವೆಟರ್ ಬಂತು. ಹಾಕಿಕೊಂಡೇ ಬರೀತಿದ್ದೀನಿ.

ನೀನು ಹೌದು ಅಂತ ಬರೆದದ್ದು ಓದಿ ಕಾಗದವನ್ನ ಎರಡು ದಿನ ಹಾಸಿಗೆ ಕೆಳಗೆ ಇಟ್ಟುಬಿಟ್ಟಿದ್ದೆ. ಆಮೇಲೆ ಇನ್ನೊಂದು ಸಲ ಓದಿದೆ. ಮೂರು ಕಾಗದದಲ್ಲೂ ನೀನು ಒಂದು ಪ್ರಶ್ನೆ ಕೇಳಿಲ್ಲ. ಕೇಳದೇ ಇದ್ದರೂ ಉತ್ತರ ಬರೀತೀನಿ: ಅದು ನಾನಲ್ಲ. ಆ ಗೋಡೌನಿನ ಮುಂದೆ ದಿನಾ ಓಡಾಡ್ತೀನಿ, ಅದು ನಮ್ಮ ಆಫೀಸಿನ ದಾರಿ. ಒಳಗೆ ಕಾಲಿಟ್ಟಿಲ್ಲ.

ಈಗ ಒಂದು ಆಟ ಆಡು. ಕೆಳಗೆ ಎಡಗಡೆ ಒಂದು ಗುರುತು, ಬಲಗಡೆ ಒಂದು ಚುಕ್ಕೆ ಹಾಕಿದ್ದೀನಿ.

+ . . . . . . . . . . . . . . . . . . . . . . . . . . . . . . ●

ಎಡಗಣ್ಣು ಮುಚ್ಚಿಕೋ. ಬಲಗಣ್ಣಿಂದ ಎಡಗಡೆಯ ಗುರುತನ್ನೇ ನೋಡು. ಚುಕ್ಕೆ ಕಡೆ ಕಣ್ಣು ಹೊರಳಿಸಬೇಡ. ಕಾಗದವನ್ನ ತೋಳು ಚಾಚಿದಷ್ಟು ದೂರದಿಂದ ನಿಧಾನಕ್ಕೆ ಹತ್ತಿರ ತಾ. ಒಂದು ಕಡೆ ದಪ್ಪ ಚುಕ್ಕೆ ಮಾಯವಾಗುತ್ತೆ. ಮಾಯವಾದ ಜಾಗದಲ್ಲಿ ತೂತು ಕಾಣುತ್ತಾ ನೋಡು.

ಕಾಣಲ್ಲ ಅಮ್ಮ. ನಮ್ಮ ಕಣ್ಣಿನ ಹಿಂಭಾಗದಲ್ಲಿ ನರಗಳ ಕಟ್ಟು ಹೊರಗೆ ಹೋಗೋ ಒಂದು ಜಾಗ ಇದೆ. ಅಲ್ಲಿ ಬಿದ್ದ ಬೆಳಕು ಯಾರಿಗೂ ಕಾಣಲ್ಲ. ಆದರೆ ತೂತು ಇದೆ ಅಂತ ಮಿದುಳು ಒಪ್ಪಿಕೊಳ್ಳಲ್ಲ. ಸುತ್ತ ಏನಿದೆ ನೋಡಿ ಅದನ್ನೇ ಎಳೆದು ಮುಚ್ಚುತ್ತೆ. ಅಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ ಹಾಗೇ. ಕಣ್ಣು ಕಳಿಸೋದು ಚೂರುಪಾರು. ಉಳಿದದ್ದನ್ನ ಮಿದುಳು ತನಗೆ ಗೊತ್ತಿರೋದರಿಂದ, ತಾನು ಕಾಯ್ತಾ ಇರೋದರಿಂದ ತುಂಬಿಸುತ್ತೆ. ಇನ್ಸ್‌ಪೆಕ್ಟರ್ ಮೊದಲು "ನಿಮ್ಮ ಮಗನ ವಿಷಯ" ಅಂದ. ನೀನು ಹೆದರಿದೆ. ಆಮೇಲೆ ಕಣ್ಣಿಲ್ಲದ ಮುಖ ತೋರಿಸಿದ. ಕಪ್ಪಿದ್ದ ಜಾಗಕ್ಕೆ ನೀನು ನನ್ನ ಕಣ್ಣು ಇಟ್ಟೆ. ಬೇರೆ ಯಾರ ಕಣ್ಣು ಇಡ್ತೀಯ?

ಮುಂದಿನ ಭೇಟಿಗೆ ಬಾ. ನಾನು ಬರ್ತೀನಿ.

ನಿನ್ನ ಮೊಂಡ

ಏಪ್ರಿಲ್ 2

ಮೊಂಡ,

ಭೇಟಿಯಲ್ಲಿ ಜಾಲರಿ ಆಚೆ ನಿನ್ನನ್ನ ನೋಡಿ, ಉಂಡ್ಯಾ, ನಿದ್ದೆ ಮಾಡ್ತೀಯಾ ಅಂತಷ್ಟೇ ಕೇಳಿ ಬಂದೆ. ಮನೆಗೆ ಬಂದ ಮೇಲೆ ಹೇಳಬೇಕಾದ್ದೆಲ್ಲ ನೆನಪಾಯ್ತು. ಅದಕ್ಕೇ ಬರೀತಿದ್ದೀನಿ.

ಮೊದಲು ಆ ಆಟದ ವಿಷಯ. ಲಾಂಡ್ರಿಯವರೆಲ್ಲ ಆಡಿದ್ವಿ. ಒಂದು ಕಣ್ಣು ಮುಚ್ಚಿಕೊಂಡು ಸಾಲಾಗಿ ನಿಂತಿದ್ದು ನೋಡಿ ಬಟ್ಟೆ ಕೊಡೋಕೆ ಬಂದ ಹೆಂಗಸು ಹಾಗೇ ವಾಪಸ್ ಹೋದಳು. ಇಸ್ತ್ರಿ ಅಜ್ಜನಿಗೆ ಎಷ್ಟು ಹೇಳಿದರೂ ಚುಕ್ಕೆ ಮಾಯವಾಗಲೊಲ್ಲದು. ಕೊನೆಗೆ ನೋಡಿದರೆ ಅವನು ಎರಡೂ ಕಣ್ಣು ಬಿಟ್ಕೊಂಡಿದ್ದ. ನನಗೆ ಮಾಯವಾಯ್ತು. ಅಲ್ಲೇ ಇದ್ದ ಚುಕ್ಕೆ, ಇಲ್ಲವೇ ಇಲ್ಲ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಕಷ್ಟದ ಮಾತು. ಲಾಯರಮ್ಮ ಒಂದು ಉಪಾಯ ಮಾಡಿದ್ದಾರೆ. ಅದೇ ಕ್ಯಾಮೆರಾದ ರೆಕಾರ್ಡಿಂಗಿಂದ ಬೇರೆ ಬೇರೆ ದಿನದ ಮೂರು ಫೋಟೋ ತೆಗೆಸಿದ್ದಾರಂತೆ. ಮೂರರಲ್ಲೂ ಟೋಪಿ, ಮೂರೂ ಅಷ್ಟೇ ಮಸುಕು. ಒಂದರಲ್ಲಿ ನಿಜವಾಗಿ ನೀನಿದ್ದೀಯ, ಕೆಲಸದಿಂದ ಬರ್ತಿರೋದು. ಉಳಿದವರು ಯಾರೋ ದಾರಿಹೋಕರು. ಕೋರ್ಟಲ್ಲಿ ನನ್ನ ಮುಂದಿಟ್ಟು ನಿಮ್ಮ ಮಗ ಯಾರು ಅಂತ ಕೇಳ್ತಾರಂತೆ. ನಾನು ತಪ್ಪು ಹೇಳಿದರೆ ಆವತ್ತಿನ ಮಾತಿಗೂ ಬೆಲೆ ಇಲ್ಲ ಅಂತಾಗುತ್ತೆ, ನೀನು ಹೊರಗೆ. ಸರಿಯಾಗಿ ಹೇಳಿದರೋ, "ನೋಡಿ ಸ್ವಾಮಿ, ತಾಯಿ ಕಣ್ಣು ತಪ್ಪಲ್ಲ, ಆವತ್ತೂ ಸರಿಯಾಗೇ ಹೇಳಿದ್ದಾಳೆ" ಅಂತ ಸರ್ಕಾರಿ ವಕೀಲ ಎದ್ದು ನಿಲ್ತಾನೆ. ನೀನು ಒಳಗೆ.

"ನಾನು ಗುರುತು ಹಿಡಿದೇ ಹಿಡೀತೀನಿ ತಾಯಿ, ಈ ಉಸಾಬರಿ ಬೇಡ" ಅಂದೆ. ಅವರು, "ಇನ್ನು ಬೇರೆ ದಾರಿ ನನಗೆ ಕಾಣ್ತಿಲ್ಲ" ಅಂದರು. ಅಲ್ಲ ಕಣೋ, ಯಾವ ತಾಯಿಗೆ ಇಂಥ ಗತಿ ಬರುತ್ತೆ? ಮಗನ ಗುರುತು ಸಿಗದೇ ಇರಲಿ ಅಂತ ಬೇಡ್ಕೊಳ್ಳಬೇಕಾ? ನಿನ್ನನ್ನ ನೋಡಿದರೆ ನನಗೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಏನು ಮಾಡಲಿ? ಬೇರೆಯವನನ್ನ ತೋರಿಸಿಬಿಡಲಾ? ಒಂದು ಸುಳ್ಳಿಗೆ ನೀನು ಮನೆಗೆ ಬರ್ತೀಯ ಅಂದರೆ ನೂರು ಹೇಳ್ತೀನಿ. ಬೇಗ ಬರೆ. ಹದಿನಾರಕ್ಕೆ ಕೋರ್ಟು.

ಅಮ್ಮ

ಏಪ್ರಿಲ್ 9

ಅಮ್ಮ,

ಸುಳ್ಳು ಹೇಳಬೇಡ. ಧರ್ಮ ಕರ್ಮ ಅಂತ ಹೇಳ್ತಿಲ್ಲ. ನಿನಗೆ ಬರಲ್ಲ, ಅಷ್ಟೇ. ನೀನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತೆ, ಇನ್ಸ್‌ಪೆಕ್ಟರಿಗೆ ದೂರದಿಂದ ಕಾಣುತ್ತೆ. ಸಿಕ್ಕಿಬಿದ್ದರೆ ನಿನ್ನನ್ನೂ ಒಳಗೆ ಹಾಕ್ತಾರೆ.

ಇನ್ನೊಂದಿದೆ. ಇಷ್ಟು ದಿನ ನನಗೆ ನೋವಾಗಿದ್ದು ನೀನು ಬೇರೆ ಯಾರನ್ನೋ ನಾನು ಅಂದದ್ದಕ್ಕೆ. ಈಗ ನನ್ನನ್ನೇ ನೋಡಿ, ನನ್ನೆದುರಿಗೆ ನಿಂತು, ಇವನಲ್ಲ ಅಂದರೆ ತಡ್ಕೊಳ್ಳೋಕೆ ಆಗಲ್ಲ. ಅದು ನನ್ನ ಒಳ್ಳೇದಕ್ಕೇ ಆದರೂ ಆಗಲ್ಲ.

ಕಂಡದ್ದನ್ನ ಹೇಳು. ನನಗೂ ಭಯ ಇದೆ ಅಮ್ಮ. ರಾತ್ರಿಯೆಲ್ಲ ನಿನಗೆ ನನ್ನ ಮುಖ ಮರೆತುಹೋಗಲಿ ಅಂತಲೂ ಅನ್ನಿಸುತ್ತೆ, ಮರೆಯದೇ ಇರಲಿ ಅಂತಲೂ ಅನ್ನಿಸುತ್ತೆ.

ಮೊಂಡ

ಏಪ್ರಿಲ್ 17

ಕಂದಾ,

ಬಿಡುಗಡೆ ಕಾಗದ ಜೈಲಿಗೆ ಬಂದು ಮುಟ್ಟೋಕೆ ಇನ್ನೂ ಎರಡು ಮೂರು ದಿನ ಅಂತೆ. ಈ ಕಾಗದವನ್ನ ನಾಳೆ ಬೆಳಿಗ್ಗೆ ನಾನೇ ಬಂದು ಬಾಗಿಲಲ್ಲಿ ಕೊಟ್ಟು ಹೋಗ್ತೀನಿ. ಇದನ್ನ ಓದೋಕಿಂತ ಮೊದಲು ನೀನು ಮನೆಗೆ ಬರಬಾರದು. ಇದನ್ನ ಎದುರೆದುರು ಹೇಳೋ ಧೈರ್ಯ ನನಗಿಲ್ಲ.

ಮೊದಲು ಕಂಪ್ಯೂಟರ್ ಕಂಪನಿಯವನು ಕಟಕಟೆಗೆ ಬಂದ. ನಮ್ಮ ಯಂತ್ರ ಹತ್ತಿರದ ಮುಖ ಹೇಳುತ್ತೆ, ಅದೇ ಮುಖ ಅಂತ ಹೇಳಲ್ಲ ಅಂತ ಅವನು ಒಪ್ಕೊಂಡ. ಹಾಗಿದ್ದರೆ ಉಳಿದದ್ದು ತಾಯಿಯ ಮಾತು ಒಂದೇ ಅಂತ ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿದರು. ಥೇಟ್ ಅನ್ನೋ ಮಾತು ಯಾಕೆ ಬಿಟ್ಟಿರಿ ಅಂತ ಲಾಯರಮ್ಮ ಇನ್ಸ್‌ಪೆಕ್ಟರನ್ನ ಕೇಳಿದ್ದಕ್ಕೆ, "ಅದು ಸುಮ್ಮನೆ ಆಡೋ ಮಾತು ಮೇಡಂ" ಅಂದ. ಆಮೇಲೆ ಆ ಮೂರು ಫೋಟೋ ನನ್ನ ಮುಂದೆ ಬಂತು.

ನೋಡಿದ ತಕ್ಷಣ ಗೊತ್ತಾಯ್ತು. ನಡುವಿನದು ನೀನು. ತಲೆ ಎತ್ತಿ, ಹೆಗಲು ನೆಟ್ಟಗೆ, ಚುರುಕಾಗಿ ಹೆಜ್ಜೆ ಹಾಕ್ತಿರೋದು, ನೀನೇ. ಬೆರಳನ್ನ ಪಕ್ಕದ ಫೋಟೋ ಕಡೆ ಒಯ್ದೆ. ನಿಜ ಹೇಳ್ತೀನಿ, ಸುಳ್ಳು ಹೇಳೋಕೇ ಹೊರಟಿದ್ದೆ. ಅಷ್ಟರಲ್ಲಿ ನಿನ್ನ ಕಡೆ ನೋಡಿದೆ. ನೀನು ಕಂಬಿ ಹಿಡ್ಕೊಂಡು ನನ್ನನ್ನೇ ನೋಡ್ತಿದ್ದೆ. ನಿನ್ನ ಕಾಗದ ನೆನಪಾಯ್ತು. ಇವನಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಏಳು ವರ್ಷವೋ ಎಂಟು ವರ್ಷವೋ, ದಿನಾ ಬಂದು ಆ ಬೆಂಚಿನ ಮೇಲೆ ಕೂರ್ತೀನಿ ಅಂತ ಮನಸ್ಸು ಗಟ್ಟಿ ಮಾಡಿ ನಡುವಿನ ಫೋಟೋ ಮೇಲೆ ಕೈ ಇಟ್ಟು, "ಇವನೇ ನನ್ನ ಮಗ" ಅಂದೆ. ಗಟ್ಟಿಯಾಗಿ ಅಳ್ತಾ ಅಂದೆ. ಉಳಿದ ಇಬ್ಬರು ಯಾರು ಅಂತ ಕೇಳಿದರು. ಮೊದಲನೆಯವನನ್ನ ಗೊತ್ತಿಲ್ಲ ಅಂದೆ. ಕೊನೆಯವನನ್ನ, "ಇವನ್ಯಾರೋ ಅಬ್ಬೇಪಾರಿ" ಅಂದೆ.

ಜಡ್ಜ್ ಸಾಹೇಬರು ಹಾಳೆ ತಿರುಗಿಸಿ ತಾರೀಖು ಓದಿದರು. "ನೀವು ತೋರಿಸಿದ ಫೋಟೋ ತೆಗೆದ ದಿನ ನಿಮ್ಮ ಮಗ ಜೈಲಲ್ಲಿದ್ದ ಅಮ್ಮ. ನಿಮ್ಮ ಮಗ ಇವನು" ಅಂತ ಕೊನೆಯದರ ಮೇಲೆ ಬೆರಳಿಟ್ಟರು. ಲಾಯರಮ್ಮ ನನ್ನ ಕೈ ಹಿಡಿದು ಅದುಮಿದರು. ಇಸ್ತ್ರಿ ಅಜ್ಜ ಹಿಂದಿನ ಬೆಂಚಲ್ಲಿ ಚಪ್ಪಾಳೆ ಹೊಡೆದು ಬೈಸಿಕೊಂಡ. ನೀನು ನಗ್ತಿದ್ದೆ. ನಾನು ತಲೆ ತಗ್ಗಿಸಿಬಿಟ್ಟೆ. ಮಗ ಉಳಿದ ಅನ್ನೋ ಸಂತೋಷಕ್ಕೆ ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗಾಯ್ತು, ಇಲ್ಲ ಅನ್ನಲ್ಲ. ಆದರೂ ತಲೆ ಮೇಲೇಳಲಿಲ್ಲ.

ಲಾಯರಮ್ಮನ ಹತ್ತಿರ ಆ ಕೊನೆಯ ಫೋಟೋ ಇಸ್ಕೊಂಡು ಬಂದಿದ್ದೀನಿ. ಮೇಜಿನ ಮೇಲಿದೆ. ಇದು ನೀನು ಅಂತ ಹೇಳಿಸಿಕೊಂಡ ಮೇಲೂ ನೋಡಿದೆ, ನಿನ್ನ ಹಾಗೆ ಕಾಣ್ತಿಲ್ಲ. ಹೆಗಲು ಎರಡೂ ಇಳಿದುಹೋಗಿದೆ. ತಲೆ ನೆಲದ ಕಡೆ. ಗೋಡೆ ಪಕ್ಕಕ್ಕೆ ಒತ್ತಿಕೊಂಡು, ಯಾರಿಗೂ ಅಡ್ಡ ಬರಬಾರದು ಅನ್ನೋ ಹಾಗೆ ಒಬ್ಬ ನಡೀತಿದ್ದಾನೆ. ಇಂಥವನು ನಮ್ಮ ಮನೆಗೆ ಒಂದು ದಿನವೂ ಬಂದಿಲ್ಲ. ನೀನು ಬರೋವಾಗ ಬಾಗಿಲಲ್ಲೇ ಜೋರಾಗಿ ಏನೋ ತಮಾಷೆ ಮಾಡ್ತಾ, ಎದೆ ಉಬ್ಬಿಸಿಕೊಂಡೇ ಬರ್ತಿದ್ದೆ. ನಾನು ಅದನ್ನೇ ನೋಡಿ ನೋಡಿ ನನ್ನ ಮಗ ಅಂದರೆ ಹೀಗೆ ಅಂತ ಇಟ್ಟುಕೊಂಡಿದ್ದೆ. ಹೊರಗೆ, ಬೀದಿಯಲ್ಲಿ, ನಾನು ನೋಡದೇ ಇರೋವಾಗ ನೀನು ಹೀಗೆ ನಡೀತಿದ್ದೆಯಾ? ಯಾವಾಗಿಂದ? ಏನಾಗಿತ್ತು ಕಂದಾ ನಿನಗೆ?

ಕಾಗದದಲ್ಲಿ ಉತ್ತರ ಬೇಡ. ಮನೆಗೆ ಬಾ. ಆದರೆ ಬಾಗಿಲ ಹತ್ತಿರ ಬಂದಾಗ ಹೆಗಲು ನೆಟ್ಟಗೆ ಮಾಡ್ಕೋಬೇಡ. ಹೇಗಿದ್ದೀಯೋ ಹಾಗೇ ಒಳಗೆ ಬಾ.

ನಿನ್ನ ಅಮ್ಮ